ತಲೆಗೆ ತಂತಿ, ತುಟಿಗೆ ಪಿನ್ನು

ಮಾರ್ಚ್ 4, ಮಂಗಳವಾರ

ಅಕ್ಕ ಹನ್ನೊಂದಕ್ಕೆ ಎದ್ದಳು. ಟೀ ಕುಡಿದಳು, ಬ್ರೆಡ್ ಮುಟ್ಟಲಿಲ್ಲ. ಮತ್ತೆ ಮಲಗಿದಳು. ತಿಳಿಸಿದವರು ಭಾವ, ಡಿಪೋದಿಂದ, ಎರಡನೇ ಸುತ್ತಿಗೆ ಬಸ್ಸು ತೆಗೆಯುವ ಮುಂಚೆ.

ಬೇರೆ ವಿಶೇಷವಿಲ್ಲ. ಅವರ ಮನೆ ಕೆಳಗೆ ಅಕ್ಕನ ಹೊಲಿಗೆ ಅಂಗಡಿಯ ಷಟರ್ ಇಳಿದೇ ಇದೆ. ಹೋದ ವರ್ಷದ ಜನವರಿಯಿಂದ. ಬೋರ್ಡು ಮಾತ್ರ ಹಾಗೇ ಇದೆ — ಆಲ್ಟರೇಷನ್, ಜಿಪ್ಪು, ಕೋಟು, ಯೂನಿಫಾರ್ಮು. ಗಿರಾಕಿಗಳು ಮೊದಮೊದಲು ಮಹಡಿಯ ಬೆಲ್ ಒತ್ತಿ ಕೇಳುತ್ತಿದ್ದರು. ಈಗ ಕೇಳುವುದಿಲ್ಲ.

ಕಾರಣ ಹುಡುಕಿ ಸಾಕಾಗಿದೆ. ಯಾರೂ ಸತ್ತಿಲ್ಲ. ಜಗಳವಿಲ್ಲ. ಅಂಗಡಿಗೆ ಕೆಲಸವೂ ಇತ್ತು. ಒಂದು ದಿನ ಕತ್ತರಿ ಹಿಡಿದು ಮೇಜಿನ ಮುಂದೆ ತುಂಬ ಹೊತ್ತು ನಿಂತಳು, ಬಟ್ಟೆ ಕತ್ತರಿಸಲಿಲ್ಲ, ಮೇಲೆ ಹೋಗಿ ಮಲಗಿದಳು. ಡಾಕ್ಟರು ಖಿನ್ನತೆ ಎಂದರು. ಒಂದು ಮಾತ್ರೆ, ಅದಾದ ಮೇಲೆ ಇನ್ನೊಂದು. ತೂಕ ಹೆಚ್ಚಿತು. ಬೇರೇನೂ ಬದಲಾಗಲಿಲ್ಲ. ಎರಡನೆಯದನ್ನೂ ಡಾಕ್ಟರೇ ನಿಧಾನಕ್ಕೆ ಇಳಿಸಿ ನಿಲ್ಲಿಸಿದ್ದಾರೆ, ಈ ಹೊಸ ಔಷಧದ ಅಧ್ಯಯನಕ್ಕೆ ಅಕ್ಕನ ಹೆಸರು ಕೊಡಲೆಂದು.

ಗುರುವಾರ ಸಂಶೋಧನಾ ಕೇಂದ್ರಕ್ಕೆ ಮೊದಲ ಭೇಟಿ. ಅಕ್ಕ ಒಪ್ಪಿದ್ದಾಳೆ. ಒಪ್ಪಿದ್ದಾಳೆ ಎಂದರೆ... ಬೇಡ ಎನ್ನಲಿಲ್ಲ.

ಭಾವನಿಗೆ ಇಷ್ಟವಿಲ್ಲ. ಫೋನಿನಲ್ಲಿ:

"ಮಾತ್ರೆ ಕೊಟ್ರು, ಆಗ್ಲಿಲ್ಲ. ಈಗ ಅಮಲೇರ್ಸಿ ನೋಡ್ತಾರಂತಾ?"

"ಇಪ್ಪತ್ತು ನಿಮಿಷದ್ದು ಭಾವ. ಅಷ್ಟರಲ್ಲಿ ಇಳಿದುಹೋಗುತ್ತೆ."

"ಅಂಥೋರು ನನ್ ಬಸ್ಸಿಗೆ ದಿನಾ ಹತ್ತುತಾರಮ್ಮ. ಇಪ್ಪತ್ತು ನಿಮಿಷಕ್ಕೆ ಇಳಿದೋನನ್ನ ನಾನಂತೂ ನೋಡಿಲ್ಲ."

ಮಾರ್ಚ್ 6, ಗುರುವಾರ. ಸಂಜೆ

ಒಪ್ಪಿಗೆ ಪತ್ರಕ್ಕೆ ಅಕ್ಕ ಸಹಿ ಹಾಕಿದಳು. ಎದುರಿಗೇ ಇದ್ದೆ.

ಕೇಂದ್ರದ ಡಾಕ್ಟರಿಗೆ ಇನ್ನೂ ಮುಖದಲ್ಲಿ ಕಾಲೇಜು ಕಳೆ. ಮಾತಿಗೆ ಮುಂಚೆ ಗಂಟಲು ಸರಿ ಮಾಡಿಕೊಳ್ಳುವ ಅಭ್ಯಾಸ. ನನ್ನನ್ನು ಕಾರಿಡಾರಿನಲ್ಲಿ ಕೂರಿಸಿ ಅಕ್ಕನೊಬ್ಬಳನ್ನೇ ಒಳಗೆ ಮಾತಾಡಿಸಿದರು. ತಂಗಿ ಹೇಳಿದಳೆಂದು ಬಂದಿರೋ, ನಿಮಗೇ ಬೇಕೋ — ಇದನ್ನೇ ಮೂರು ರೀತಿಯಲ್ಲಿ ಕೇಳಿದರಂತೆ. ಅಕ್ಕ ಹೇಳಿದ್ದು: "ಹೀಗೇ ಇರೋದು ಬೇಡ." ಅಷ್ಟನ್ನು ಬರೆದುಕೊಂಡರು.

ವಿಷಯ ಇಷ್ಟು. ಔಷಧದ ಹೆಸರು ಡಿಎಂಟಿ. ರಕ್ತನಾಳಕ್ಕೆ ಕೊಡುತ್ತಾರೆ. ಒಂದೆರಡು ನಿಮಿಷದಲ್ಲಿ ಏರುತ್ತದೆ, ಅರ್ಧ ಗಂಟೆಯೊಳಗೆ ಇಳಿದುಹೋಗುತ್ತದೆ. ಆ ಹೊತ್ತಿನಲ್ಲಿ ಕಣ್ಣು ಮುಚ್ಚಿದ್ದರೂ ಏನೇನೋ ಕಾಣುತ್ತದೆ, ಮೆದುಳಿನ ಚಟುವಟಿಕೆ ಬದಲಾಗುತ್ತದೆ. ತಲೆಗೆ ತಂತಿ ಹಾಕಿ ಅದನ್ನು ದಾಖಲಿಸುತ್ತಾರೆ. ಎರಡು ಸರದಿ. ಮೊದಲು ಅರ್ಧ ಪ್ರಮಾಣ, ನಾಲ್ಕು ವಾರ ಬಿಟ್ಟು ಪೂರ್ತಿ. ಖಿನ್ನತೆ ಇಳಿಯುತ್ತದೆಯೇ ಎಂಬುದು ತಮ್ಮ ಪ್ರಶ್ನೆ, ಉತ್ತರವಲ್ಲ ಎಂದು ಡಾಕ್ಟರು ಒತ್ತಿ ಹೇಳಿದರು. ಏನಾದರೂ ಆಗುವುದಿದ್ದರೆ ಅದು ಪೂರ್ತಿ ಪ್ರಮಾಣದಿಂದ ಎಂಬುದು ಅವರ ಅಂದಾಜು.

ತಂತಿ ಹಾಕುವ ಟೆಕ್ನಿಷಿಯನ್ ಹೆಂಗಸು. ಐವತ್ತರ ಆಸುಪಾಸು, ಕಟ್ಟುಮಸ್ತು ತೋಳು. ಸ್ನಾನಕ್ಕೆ ಹಾಕುವಂಥ ಬಟ್ಟೆ ಟೋಪಿ, ಅದರ ತುಂಬ ತೂತು, ತೂತಿಗೊಂದು ತಂತಿ. ಒಂದೊಂದಕ್ಕೂ ಸಿರಿಂಜಿನಿಂದ ತಣ್ಣನೆಯ ಜೆಲ್ ಬಿಟ್ಟರು. ಇವತ್ತು ಅಭ್ಯಾಸಕ್ಕೆ ಮಾತ್ರ.

"ಕಣ್ಣು ಮುಚ್ಚಿ."

ಪರದೆಯ ಮೇಲೆ, ತಲೆಯ ಹಿಂಭಾಗದ ಗೆರೆಗಳು ಒಂದೇ ಲಯದಲ್ಲಿ ತೂಗತೊಡಗಿದವು.

"ತೆಗೀರಿ." ನಿಂತವು.

"ಇದು ಆಲ್ಫಾ ಅಲೆ. ಕಣ್ಣು ಮುಚ್ಚಿ ಸುಮ್ನೆ ಕೂತ್ರೆ ಬರುತ್ತೆ. ಔಷಧ ಕೊಟ್ಟಾಗ ಕಣ್ಣು ಮುಚ್ಚಿದ್ರೂ ಹೋಗಿಬಿಡುತ್ತೆ. ಅದನ್ನೇ ನಾವು ನೋಡೋದು."

ಅಕ್ಕ ಪರದೆಯನ್ನೇ ನೋಡಿದಳು. "ಇಷ್ಟೇನಾ ನಾನು?"

"ಅಯ್ಯೋ, ಇದು ಪಕ್ಕದ್ಮನೆ ಜಗಳಾನ ಗೋಡೆಗೆ ಕಿವಿ ಇಟ್ಟು ಕೇಳಿದ ಹಾಗೆ ಅಷ್ಟೇ. ಗಲಾಟೆ ಆಗ್ತಿದೆ ಅಂತ ಗೊತ್ತಾಗುತ್ತೆ. ಯಾಕೆ ಅಂತ ಗೊತ್ತಾಗಲ್ಲ."

ವಾಪಸ್ ಬರುವಾಗ ಟ್ಯಾಕ್ಸಿಯಲ್ಲಿ ಅಕ್ಕ, ಕಿಟಕಿ ಕಡೆಗೆ ತಿರುಗಿ: "ಟೋಪಿಯಮ್ಮ ಪರವಾಗಿಲ್ಲ." ಟೆಕ್ನಿಷಿಯನ್ನಿಗೆ ಹೆಸರಿಟ್ಟಿದ್ದಾಳೆ. ಅಂಗಡಿ ಇದ್ದಾಗ ಎಲ್ಲರಿಗೂ ಇಡುತ್ತಿದ್ದಳು.

ಮಾರ್ಚ್ 7, ಶುಕ್ರವಾರ

ಭಾವನಿಗೆ ಎಲ್ಲ ವಿವರಿಸಿದೆ. ಟೋಪಿಯ ವಿಷಯವನ್ನೂ.

"ಒಟ್ನಲ್ಲಿ ನಿಮ್ಮಕ್ಕನಿಗೆ ಟೋಪಿ ಹಾಕ್ತಾರೆ ಅನ್ನು."

ನಕ್ಕೆ. ಅವರೂ ನಕ್ಕರು. ಆಮೇಲೆ, ಹದಿಮೂರನೇ ತಾರೀಕು ಮೊದಲ ಸರದಿಗೆ ಜತೆಗೆ ನೀವೇ ಹೋಗಿ ಎಂದೆ. ಜತೆಯಲ್ಲಿ ಒಬ್ಬರು ಇರಲೇಬೇಕೆಂಬುದು ಕೇಂದ್ರದ ನಿಯಮ; ಪಕ್ಕದ ಕೋಣೆಯಲ್ಲಿ ಗಾಜಿನಾಚೆ ಕೂರಬೇಕು. ಡ್ಯೂಟಿ ಇದೆ, ರಜೆ ಸಿಗುವುದಿಲ್ಲ ಎಂದರು. ಕೇಳಿ ನೋಡಿದಿರಾ ಎಂದೆ. ಟೀ ಲೋಟ ತೊಳೆಯಲು ಎದ್ದು ಹೋದರು.

ಮಾರ್ಚ್ 11, ಮಂಗಳವಾರ

ನಮ್ಮ ಪತ್ರಿಕೆಯ ಡೆಸ್ಕಿಗೆ ಸುದ್ದಿ ಏಜೆನ್ಸಿಯಿಂದ ಇದೇ ಜಾತಿಯ ಸುದ್ದಿ ಬಂತು. ಇಲ್ಲದ್ದನ್ನು ಕಾಣಿಸುವ, ಅಲ್ಪಾವಧಿಯ ಸೈಕೆಡೆಲಿಕ್ ಔಷಧ ಒಳಗಿರುವಾಗ ಮೆದುಳಿನ ಭಾಗಗಳ ನಡುವಿನ ಗಡಿಗಳು ಸಡಿಲವಾಗುತ್ತವೆ. ಸಾಮಾನ್ಯವಾಗಿ ತಮ್ಮ ತಮ್ಮಲ್ಲೇ ಇರುವ ಜಾಲಗಳು ಒಂದರೊಡನೊಂದು ಹೆಚ್ಚು ಬೆರೆಯುತ್ತವೆ. ಔಷಧ ಇಳಿದಂತೆ ಎಲ್ಲ ಮೊದಲಿನ ಸ್ಥಿತಿಗೆ. ಪುಟ ಏಳಕ್ಕೆ, ನನ್ನ ಪಾಲಿಗೆ.

ಚೀಫ್ ಕೊಟ್ಟ ತಲೆಬರಹ: ಹತ್ತೇ ನಿಮಿಷದಲ್ಲಿ ಹೊಸ ಮೆದುಳು!

ನಾನು ಬದಲಾಯಿಸಿದ್ದು: ಮೆದುಳಿನ ಚಟುವಟಿಕೆಯಲ್ಲಿ ತಾತ್ಕಾಲಿಕ ಬದಲಾವಣೆ.

"ತಾತ್ಕಾಲಿಕ ತೆಗೆದ್ಹಾಕು. ಎರಡು ಕಾಲಮ್ಮಿಗೆ ಹಿಡಿಸಲ್ಲ."

"ಅದೇ ಸರ್ ಸುದ್ದಿ."

"ತಾತ್ಕಾಲಿಕ ಅಂದ್ರೆ ಯಾರಮ್ಮ ಓದ್ತಾರೆ? ಪವರ್ ಕಟ್ಟೂ ತಾತ್ಕಾಲಿಕವೇ."

ಬಿಡಲಿಲ್ಲ. ಮೂರು ಕಾಲಂ ಮಾಡಿಸಿದೆ. ಹಾಸಿಗೆ ಅಂಗಡಿಯ ಜಾಹೀರಾತು ಕೆಳಕ್ಕೆ ಹೋಯಿತು. ಜಾಹೀರಾತು ವಿಭಾಗದವರು ಮುಖ ಊದಿಸಿಕೊಂಡರು.

ಮನೆಗೆ ನಡೆದು ಬರುವಾಗ ಆ ಪದ ಇಲ್ಲದಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಇಪ್ಪತ್ತು ನಿಮಿಷ ಗಡಿ ಸಡಿಲವಾಗಿ ಮತ್ತೆ ಬಿಗಿಯಾಗುವುದಾದರೆ ಅಕ್ಕನಿಗೆ ಸಿಗುವುದಾದರೂ ಏನು?

ಮಾರ್ಚ್ 13, ಗುರುವಾರ. ಮಧ್ಯಾಹ್ನ, ಕೇಂದ್ರದ ಕ್ಯಾಂಟೀನು

ಮೊದಲ ಸರದಿ ಮುಗಿಯಿತು. ಅಕ್ಕ ಕ್ಷೇಮ. ರಕ್ತದೊತ್ತಡ ಸರಿಯಾಗಿದೆ ಎಂದು ಡಾಕ್ಟರು ಹೇಳಿದರು. ಮಲಗಿದ್ದಾಳೆ. ಮರೆಯುವ ಮುಂಚೆ ಬರೆಯಬೇಕು.

ಕೋಣೆ ಆಸ್ಪತ್ರೆಯಂತಿಲ್ಲ. ಒರಗುಕುರ್ಚಿ, ಹಳದಿ ದೀಪ, ಬೂದು ಕಂಬಳಿ. ಕಣ್ಣಿಗೆ ಕಪ್ಪು ಪಟ್ಟಿ, ತಲೆಗೆ ಟೋಪಿ, ಎಡಗೈಗೆ ಸೂಜಿ. ಪಕ್ಕದಲ್ಲಿ ಡಾಕ್ಟರು. ಗಾಜಿನ ಈಚೆ ನಾನು ಮತ್ತು ಟೆಕ್ನಿಷಿಯನ್. ಜತೆಗಾರರು ಮಾತಾಡುವಂತಿಲ್ಲ. ಪ್ಯಾಡ್ ತೊಡೆಯ ಮೇಲಿಟ್ಟುಕೊಂಡಿದ್ದೆ.

ಔಷಧ ಹೋಯಿತು. ಅಕ್ಕ ಒಮ್ಮೆ ಉಸಿರೆಳೆದಳು. ಪರದೆಯ ಮೇಲೆ ಹಿಂಭಾಗದ ಗೆರೆಗಳ ತೂಗಾಟ ಸಣ್ಣದಾಯಿತು, ಇನ್ನೂ ಸಣ್ಣದಾಯಿತು, ಹೋಯಿತು. ಬದಲಿಗೆ ಅಂಕುಡೊಂಕು, ಯಾವುದೂ ಇನ್ನೊಂದರಂತಿಲ್ಲ. ಟೆಕ್ನಿಷಿಯನ್ ನನ್ನ ಕಡೆ ನೋಡಿ ತಲೆಯಾಡಿಸಿದರು.

ಸ್ವಲ್ಪ ಹೊತ್ತಿಗೆ ಕಿವಿಯ ಮೇಲಿನ ಗೆರೆಗಳು ಎರಡೂ ಕಡೆ ದಪ್ಪಗಾದವು. ಗೆರೆಯೇ ಅಲ್ಲ, ಕಪ್ಪು ಪಟ್ಟಿ.

"ಛೆ. ಇದು ಮೆದುಳಲ್ಲ, ದವಡೆ," ಎಂದರು, ತಮ್ಮಷ್ಟಕ್ಕೆ. "ಬಾಯಿ ಸಡಿಲ ಬಿಡಿ ತಾಯಿ..."

ಗಾಜಿನಾಚೆ ನೋಡಿದೆ. ಅಕ್ಕನ ತುಟಿಗಳು ಒಳಕ್ಕೆ ಮಡಚಿ ಬಿಗಿದಿದ್ದವು. ಗಲ್ಲ ಎದೆಗೆ ಹತ್ತಿರ. ಬಲಗೈಯ ಎರಡು ಬೆರಳು ತುಟಿಯ ಮೂಲೆಗೆ ಹೋದವು, ಏನನ್ನೋ ತೆಗೆದವು, ಕಂಬಳಿಯ ಮೇಲೆ ಇಟ್ಟವು. ಮತ್ತೆ ತುಟಿಗೆ. ಮತ್ತೆ ಕಂಬಳಿಗೆ.

ಏನು ಮಾಡುತ್ತಿದ್ದಾಳೆಂದು ನನಗೆ ಗೊತ್ತಾಯಿತು. ಬಾಯಿ ತೆರೆಯುವಂತಿರಲಿಲ್ಲ.

ಔಷಧ ಇಳಿಯಿತು. ಹಿಂಭಾಗದ ಅಲೆ ನಿಧಾನಕ್ಕೆ ಮರಳಿತು, ಏನೂ ಆಗಿಲ್ಲವೆಂಬಂತೆ. ಡಾಕ್ಟರು ಗಂಟಲು ಸರಿ ಮಾಡಿಕೊಂಡು ಕೇಳಿದರು:

"ಏನು ಕಾಣಿಸ್ತು, ಹೇಳೋಕಾಗುತ್ತಾ?"

"ಬಟ್ಟೆ." ಕಂಬಳಿಯನ್ನು ಒಮ್ಮೆ ಸವರಿ: "ಅಂಚೇ ಇರ್ಲಿಲ್ಲ. ಎಷ್ಟು ಎಳೆದ್ರೂ ಬರ್ತಾನೇ ಇತ್ತು. ಎಲ್ಲಿಂದ ಮಡಚಲಿ ಅಂತ ಮೊದ್ಲು ಹೆದರಿಕೆ ಆಯ್ತು. ಆಮೇಲೆ ನಗು ಬಂತು."

"ಬಾಯಿ ಬಿಗಿ ಹಿಡಿದಿದ್ರಲ್ಲ. ನೋವೇನಾದ್ರೂ..."

"ಪಿನ್ನಿತ್ತಲ್ಲ ಸಾರ್."

"ಪಿನ್ನಾ?"

"ಪಿನ್ನು ಬಾಯಲ್ಲಿ ಇಟ್ಕೊಂಡು ಬಾಯಿ ಬಿಡೋಕಾಗುತ್ತಾ? ನುಂಗಿಬಿಟ್ರೆ ನೀವು ತೆಗೀತೀರಾ?"

ಟೆಕ್ನಿಷಿಯನ್ ನನ್ನತ್ತ ತಿರುಗಿದರು. "ಟೈಲರ್ರಾ?"

"ಹೌದು," ಎಂದೆ. ಆಗ ಮಾತಾಡಬಹುದಿತ್ತು.

ಮಾರ್ಚ್ 14, ಶುಕ್ರವಾರ

ಸೂಪಿಗೆ ಉಪ್ಪು ಕಮ್ಮಿ ಎಂದು ಅಕ್ಕ ಬೈದಳು. ತಿಳಿಸಿದವರು ಭಾವ, ಬೆಳಗ್ಗೆ ಏಳಕ್ಕೆ, ಬೈಸಿಕೊಂಡ ಖುಷಿಯಲ್ಲಿ.

"ನಿನ್ನೆ ರಾತ್ರಿ ಕಣಮ್ಮ. 'ಇದನ್ನ ಮನುಷ್ಯರು ಕುಡೀತಾರಾ' ಅಂದ್ಲು. ಒಂದು ವರ್ಷದಿಂದ ಅದೇ ಸೂಪು ಮಾಡ್ತಿದೀನಿ, ಒಂದಿನ ಒಂದು ಮಾತಿಲ್ಲ."

"ಉಪ್ಪು ಹಾಕಿದ್ರಾ?"

"ಹಾಕ್ದೆ. ಜಾಸ್ತಿ ಆಯ್ತು ಅಂತ ಮತ್ತೆ ಬೈದ್ಲು."

ಮಾರ್ಚ್ 15, ಶನಿವಾರ

ಅಕ್ಕ ಎಂಟಕ್ಕೆ ಎದ್ದಳು. ಸ್ನಾನ ಮಾಡಿದಳು. ಅಡುಗೆಮನೆ ಕಿಟಕಿ ತೆರೆದಳು. ನಾನೇ ನೋಡಿದ್ದು, ಬೆಳಗ್ಗೆಯಿಂದ ಅಲ್ಲೇ ಇದ್ದೆ. ನನ್ನ ಕುರ್ತಾದ ಬಗಲು ಬಿಚ್ಚಿದೆ ಎಂದು ತೋರಿಸಿದಳು. ಹೊಲಿದುಕೊಡಲಿಲ್ಲ. ತೋರಿಸಿದಳು.

ಮಾರ್ಚ್ 17, ಸೋಮವಾರ

ಎದ್ದಿಲ್ಲ. ಭಾವನ ವರದಿ, ಒಂದೇ ಸಾಲಿನ ಮೆಸೇಜು.

ಮಾರ್ಚ್ 24, ಸೋಮವಾರ

ಒಂದು ವಾರ ಬರೆಯಲಿಲ್ಲ. ಬರೆಯಲು ಇದ್ದದ್ದು ಇಷ್ಟೇ: ಎದ್ದಿಲ್ಲ, ಎದ್ದಿಲ್ಲ, ಸಂಜೆ ಎದ್ದಳು, ಎದ್ದಿಲ್ಲ.

ಇವತ್ತು ಡಾಕ್ಟರ ಫೋನು. ಎರಡನೇ ಸರದಿ ನಡೆಯುವುದು ಅನುಮಾನ.

ಮೊದಲ ಸರದಿಯ ದಾಖಲೆ ಹಾಳಾಗಿದೆಯಂತೆ. ತಲೆಯ ಹಿಂಭಾಗ ಸರಿಯಿದೆ. ಮುಂದಿನ ಮತ್ತು ಪಕ್ಕದ ತಂತಿಗಳೆಲ್ಲ ದವಡೆಯ ಸದ್ದಿನಲ್ಲಿ ಮುಳುಗಿವೆ. ದವಡೆಯ ಸ್ನಾಯು ಕಿವಿಯ ಮೇಲಿನವರೆಗೂ ಹಬ್ಬಿರುತ್ತದೆ, ಅದರ ವಿದ್ಯುತ್ತು ಮೆದುಳಿನದಕ್ಕಿಂತ ಎಷ್ಟೋ ಪಟ್ಟು ಜೋರು. ಇಂತಿಷ್ಟು ತಂತಿಗಳಾದರೂ ಶುದ್ಧವಾಗಿರಬೇಕೆಂಬುದು ಅಧ್ಯಯನದ ನಿಯಮ. ಇಲ್ಲದಿದ್ದರೆ ಆ ವ್ಯಕ್ತಿಗೆ ಪೂರ್ತಿ ಪ್ರಮಾಣ ಕೊಡುವುದಿಲ್ಲ — ದಾಖಲೆಯೇ ಸಿಗದಿದ್ದ ಮೇಲೆ ಇನ್ನೊಮ್ಮೆ ಔಷಧ ಕೊಡಲು ಅವರಿಗೆ ಅನುಮತಿ ಇಲ್ಲ.

"ಅವಳಿಗೆ ಎರಡು ದಿನ ಚೆನ್ನಾಗಿತ್ತು ಡಾಕ್ಟ್ರೇ," ಎಂದೆ.

"ಗೊತ್ತು. ಆದ್ರೆ ಔಷಧದಿಂದಲೇ ಅಂತ ಹೇಳೋಕಾಗಲ್ಲ. ಸುಮ್ನೆ ಆಸೆ ಹುಟ್ಟಿಸೋಕೂ ಇಷ್ಟ ಇಲ್ಲ."

"ಮೆದುಳು ಅರ್ಧ ಗಂಟೇಲಿ ಮೊದಲಿನ ಹಾಗೇ ಆಯ್ತಲ್ಲ. ಹಾಗಿದ್ರೆ ಆ ಎರಡು ದಿನ ಎಲ್ಲಿಂದ ಬಂತು?"

ಗಂಟಲು ಸರಿ ಮಾಡಿಕೊಂಡರು. "ಅದು ಗೊತ್ತಿದ್ರೆ ಈ ಅಧ್ಯಯನ ಮಾಡ್ತಾನೇ ಇರ್ಲಿಲ್ಲ."

ಒಳ್ಳೆಯ ಮನುಷ್ಯ. ಒಳ್ಳೆಯತನದಿಂದ ಪ್ರಯೋಜನವಾಗಲಿಲ್ಲ.

ಭಾವನಿಗೆ ಹೇಳಿದೆ. ಸಂತೋಷಪಡುತ್ತಾರೆ ಅಂದುಕೊಂಡಿದ್ದೆ. ಅವರು, "ಆ ಡಾಕ್ಟ್ರ ನಂಬರ್ ಕೊಡು."

ಮಾರ್ಚ್ 26, ಬುಧವಾರ

ಒಂದು ದಾರಿ ಇದೆ. ಹೇಳಿದವರು ಟೋಪಿಯಮ್ಮ. ಭಾವ ಎರಡು ದಿನದಿಂದ ಅವರಿಗೂ ಡಾಕ್ಟರಿಗೂ ಸರದಿಯಲ್ಲಿ ಫೋನು ಮಾಡಿ ತಲೆ ತಿಂದಿದ್ದಾರೆ. ಅದರ ಫಲ ಇದು.

ಅಕ್ಕನ ದವಡೆಯ ಸದ್ದು ಎಂಥದು ಎಂದು ಔಷಧವಿಲ್ಲದೆ ಪ್ರತ್ಯೇಕವಾಗಿ ದಾಖಲಿಸಿಕೊಂಡರೆ, ಕಂಪ್ಯೂಟರಿಗೆ ಅದನ್ನು ಕಲಿಸಿ, ಹಳೆಯ ದಾಖಲೆಯಿಂದ ಅಷ್ಟನ್ನು ಮಾತ್ರ ಕಳೆಯಬಹುದು. ಉಳಿದದ್ದು ಶುದ್ಧವಾಗಿದ್ದರೆ ಅನುಮತಿ ಕೊಡುವ ಸಮಿತಿ ಒಪ್ಪಬಹುದು. ಬಹುದು, ಬಹುದು. ಎರಡು ಸಲ ಬರೆದಿದ್ದೇನೆ, ಎರಡೂ ಬೇಕು.

"ಹಲ್ಲು ಕಚ್ಚಿ ತೋರಿಸಿದ್ರೆ ಸಾಲ್ದಾ?" ಎಂದು ಕೇಳಿದೆ.

"ನಾನೇ ಟೋಪಿ ಹಾಕ್ಕೊಂಡು ಮಾಡಿ ನೋಡ್ದೆ. ಹಲ್ಲು ಕಚ್ಚೋದು ಬೇರೆ, ಪಿನ್ ಹಿಡಿಯೋದು ಬೇರೆ. ತುಟಿ ಬಿಗಿ, ನಾಲಿಗೆ ಹಿಂದಕ್ಕೆ, ಒಂದು ತೆಗೆದಾಗ ಉಳಿದದ್ದು ಸರಿ ಮಾಡ್ಕೊಳ್ಳೋದು... ನನ್ನ ಕೈಲಿ ಎರಡು ಬಿದ್ದೋಯ್ತು. ಅವ್ರೇ ಬರ್ಬೇಕು. ನಿಜವಾದ ಪಿನ್ನು, ನಿಜವಾದ ಕೆಲ್ಸ."

ಅಂದರೆ ಅಕ್ಕ ಹೊಲಿಗೆ ಕೆಲಸ ಮಾಡಬೇಕು.

ಭಾವ: "ಕಾಲಿಲ್ದೋನಿಗೆ ಮೊದ್ಲು ಓಡಿ ತೋರ್ಸು, ಆಮೇಲೆ ಊರುಗೋಲು ಕೊಡ್ತೀವಿ ಅಂದಂಗಾಯ್ತು."

ಮಾರ್ಚ್ 28, ಶುಕ್ರವಾರ

ಅಕ್ಕ ಆಗುವುದಿಲ್ಲ ಎಂದಳು. ಗೋಡೆಗೆ ತಿರುಗಿ ಮಲಗಿದ್ದಳು. ನಾನು ಮಂಚದ ತುದಿಯಲ್ಲಿ.

"ಹತ್ತು ನಿಮಿಷ ಸಾಕಂತೆ ಅಕ್ಕ."

"ಕೈ ಬರಲ್ಲ ಪುಟ್ಟಿ."

"ಆವತ್ತು ಬಂತಲ್ಲ."

"ಆವತ್ತು ಅದು ಬಟ್ಟೆ ಅಲ್ಲ." ಹೊದಿಕೆಯ ಅಂಚನ್ನು ಎಳೆದುಕೊಂಡಳು. "ನಿಜವಾದ ಬಟ್ಟೆ ಮುಟ್ಟಿ, ಏನೂ ಆಗ್ಲಿಲ್ಲ ಅಂದ್ರೆ? ಆಮೇಲೆ ಅದೂ ಇರಲ್ಲ ನನ್ಹತ್ರ."

ಹೊರಗಿನ ಕೋಣೆಯಲ್ಲಿ ಭಾವ ಟಿವಿ ಸದ್ದು ನಿಲ್ಲಿಸಿ ಕೂತಿದ್ದರು, ಕೇಳಿಸಿಕೊಳ್ಳುತ್ತ.

ಮಾರ್ಚ್ 30, ಭಾನುವಾರ

ಮಂಗಳವಾರ ಹೋಗುತ್ತಾಳಂತೆ. ತಿಳಿಸಿದವರು ಭಾವ. ಏನು ಹೇಳಿ ಒಪ್ಪಿಸಿದಿರಿ ಎಂದರೆ, "ಒಪ್ಸಿಲ್ಲ. ಪಿನ್ನಿನ ಡಬ್ಬಿ ಎಲ್ಲಿದೆ ಅಂತ ಕೇಳ್ದೆ. ನಂಗೆ ಸಿಗ್ಲಿಲ್ಲ ಅಂದೆ. ಸಿಗದೇ ಏನು, ಕಣ್ಮುಂದೇ ಇತ್ತು. 'ಒಂದು ಡಬ್ಬಿ ಹುಡ್ಕೋಕೆ ಬರಲ್ಲ ನಿಮ್ಗೆ' ಅಂತ ಎದ್ದು ಬಂದ್ಲು."

ಏಪ್ರಿಲ್ 1, ಮಂಗಳವಾರ

ದಾಖಲೆ ಸಿಕ್ಕಿತು. ಟೆಕ್ನಿಷಿಯನ್ ಹೇಳಿದ್ದು: ಬೇಕಾದ್ದಕ್ಕಿಂತ ಹೆಚ್ಚೇ.

ನಡೆದದ್ದನ್ನು ಅನುಕ್ರಮವಾಗಿ ಬರೆಯುತ್ತೇನೆ.

ಭಾವ ನಮ್ಮಿಬ್ಬರನ್ನೂ ತಮ್ಮ ಬಸ್ಸಿನಲ್ಲೇ ಕರೆದೊಯ್ದರು. ಕೇಂದ್ರ ಅವರ ದಾರಿಯಲ್ಲೇ ಇದೆ. ಬಾಗಿಲ ಮುಂದೆ, ಸ್ಟಾಪಲ್ಲದ ಕಡೆ ನಿಲ್ಲಿಸಿದರು. ಹಿಂದಿನಿಂದ ಯಾರೋ ಕೂಗಾಡಿದರು. "ಹೆಂಡ್ತೀನ ಇಳಿಸ್ತಿದೀನಿ ಸ್ವಾಮಿ, ಒಂದ್ನಿಮಿಷ," ಎಂದರು. ಇಡೀ ಬಸ್ಸು ಅಕ್ಕನನ್ನು ನೋಡಿತು.

ಟೋಪಿ ಹಾಕಿ ಜೆಲ್ ಬಿಟ್ಟದ್ದಾಯಿತು. ಅಕ್ಕನನ್ನು ಗಿಡ್ಡ ಸ್ಟೂಲಿನ ಮೇಲೆ ಕೂರಿಸಿದರು. ಮನೆಯಿಂದ ತಂದ ಪ್ಯಾಂಟು ತೊಡೆಯ ಮೇಲೆ, ಪಿನ್ನಿನ ಡಬ್ಬಿ ಕೈಯಲ್ಲಿ. ಕೂತಳು. ಪ್ಯಾಂಟಿನ ಅಂಚನ್ನು ಒಮ್ಮೆ ಮಡಚಿ ಬಿಟ್ಟಳು. ಡಬ್ಬಿ ತೆರೆಯಲಿಲ್ಲ.

ಡಾಕ್ಟರು ಗಡಿಯಾರ ನೋಡಲಿಲ್ಲ, ಅದಕ್ಕೆ ಅವರಿಗೆ ನನ್ನ ನಮಸ್ಕಾರ. ಅಕ್ಕನ ಕಣ್ಣಲ್ಲಿ ನೀರು ಬಂತು. ಅಳುವಲ್ಲ, ಸುಮ್ಮನೆ ಇಳಿಯುತ್ತಿತ್ತು.

"ಸಾಕು ಬಿಡಿ," ಎಂದಳು.

ಟೆಕ್ನಿಷಿಯನ್ ಸರಿ ಎಂದು ಎದ್ದರು. ಟಿಶ್ಯೂ ತರಲು ಕಪಾಟಿನ ಕಡೆ ಹೋದರು. ಕಪಾಟಿನ ಮುಂದೆ ಹತ್ತಿ ನಿಲ್ಲಲು ಒಂದು ಮಣೆ. ಬೆನ್ನು ನಮ್ಮ ಕಡೆ. ಬಿಳಿ ಕೋಟು, ಮೊಣಕಾಲವರೆಗೆ.

"ನಿಂತ್ಕೊಳ್ಳಿ," ಎಂದಳು ಅಕ್ಕ.

ಅವರು ನಿಂತರು.

"ಈ ಕೋಟು ಯಾರು ಕೊಟ್ಟಿದ್ದು?"

"ಇಲ್ಲೇ, ಸ್ಟೋರ್ಸಿನವ್ರು. ಯಾಕಮ್ಮ?"

"ಎಡಗಡೆ ಎರಡು ಬೆರಳು ಇಳಿದಿದೆ. ಇದನ್ನ ಹಾಕ್ಕೊಂಡು ದಿನಾ ಓಡಾಡ್ತೀರಾ? ಯಾರೂ ಹೇಳ್ಲಿಲ್ವಾ?"

"ನನ್ ಕೋಟು ಯಾರಮ್ಮ ನೋಡ್ತಾರೆ!"

"ನಾನು ನೋಡ್ತಿದೀನಲ್ಲ. ಹತ್ತಿ ಆ ಮಣೆ ಮೇಲೆ."

ಹತ್ತಿದರು. ಅಕ್ಕ ಡಬ್ಬಿ ತೆರೆದಳು. ಒಂದು ಹಿಡಿ ಪಿನ್ನು ತುಟಿಗೆ ಹೋಯಿತು. ಪರದೆಯ ಮೇಲೆ ಕಿವಿಯ ಪಕ್ಕದ ಗೆರೆಗಳು ಎರಡೂ ಕಡೆ ಒಮ್ಮೆಗೇ ಕಪ್ಪಾದವು.

"ರೆಕಾರ್ಡ್!" ಎಂದರು ಟೆಕ್ನಿಷಿಯನ್ ಮಣೆಯ ಮೇಲಿಂದ. "ಡಾಕ್ಟ್ರೇ, ನೀವೇ ಒತ್ಬೇಕು! ಹಸಿರು ಗುಂಡಿ! ಅದಲ್ಲ, ಅದರ ಪಕ್ಕದ್ದು!"

ಡಾಕ್ಟರು ಒತ್ತಿದರು. ಅಕ್ಕ ಕೋಟಿನ ಅಂಚು ಹಿಡಿದು ಮಡಚುತ್ತ ಹೋದಳು. ತುಟಿಯಿಂದ ಒಂದು, ಬಟ್ಟೆಗೆ ಒಂದು. ತಿರುಗಿ ಎನ್ನಲು ಬಾಯಿ ಇಲ್ಲ. ಮೊಣಕೈಯಿಂದ ಟೆಕ್ನಿಷಿಯನ್ನರ ಕಾಲು ತಿವಿದಳು. ಅವರು ತಿರುಗಿದರು. ಡಾಕ್ಟರು ಬೆಳಕಿಗೆ ಅಡ್ಡ ಬಂದಾಗ ಹುಬ್ಬಿನಲ್ಲೇ ಓಡಿಸಿದಳು. ಅವರು ಸರಿದು ನಿಂತರು, ಕ್ಷಮಿಸಿ ಎಂದರು.

ನಡುವೆ ಒಮ್ಮೆ ನಿಂತಳು. ಕೈ ಗಾಳಿಯಲ್ಲಿ. ನಿಂತೇ ಹೋಯಿತು ಅಂದುಕೊಂಡೆ. ಅಂಚನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದಳು, ಹಿಂದಿನ ಎರಡು ಪಿನ್ನು ಕಿತ್ತಳು, ಮತ್ತೆ ಹಾಕಿದಳು. ತಪ್ಪಾಗಿತ್ತು, ಅಷ್ಟೇ.

ಪಿನ್ನು ಹಾಕಿದ್ದು ಮಾತ್ರ. ಹೊಲಿಯಲಿಲ್ಲ. ದಾರ ಕೇಳಲಿಲ್ಲ. ಮುಗಿದ ಮೇಲೆ ಬಹಳ ದಣಿದಿದ್ದಳು.

ಏಪ್ರಿಲ್ 2, ಬುಧವಾರ

ಅಕ್ಕ ಎದ್ದಿಲ್ಲ. ನಾನೇ ಹೋಗಿ ನೋಡಿದೆ. ಅಂಗಡಿಯ ಷಟರ್ ಇಳಿದೇ ಇದೆ. ನಿನ್ನೆಯದನ್ನು ಓದಿಕೊಂಡೆ, ಅದರಲ್ಲಿ ಬರೆದದ್ದೆಲ್ಲ ನಿಜ. ಇದೂ ನಿಜ.

ಭಾವ ಕೆಳಗೆ ಬಾಗಿಲವರೆಗೆ ಬಂದರು.

"ರಜೆ ಸಿಗಲ್ಲ ಅಂದಿದ್ನಲ್ಲ... ಕೇಳೇ ಇರ್ಲಿಲ್ಲ ನಾನು."

"ಗೊತ್ತು ಭಾವ."

"ತಲೆ ತುಂಬ ತಂತಿ ಸುತ್ಕೊಂಡು ಮಲಗಿರೋದನ್ನ ನೋಡೋಕೆ ನನ್ ಕೈಲಿ ಆಗ್ತಿರ್ಲಿಲ್ಲ. ಬಸ್ಸಾದ್ರೆ ಎಷ್ಟು ದೊಡ್ಡದಾದ್ರೂ ಓಡಿಸ್ತೀನಿ. ಇದು..." ಬಾಗಿಲ ಚಿಲಕವನ್ನು ಎಳೆದು, ಬಿಟ್ಟು, ಎಳೆದರು. "ನಿನ್ನೆ ನೀನು ಹೇಳ್ದೆಯಲ್ಲ, ಡಾಕ್ಟ್ರನ್ನ ಹುಬ್ಬಲ್ಲೇ ಓಡ್ಸಿದ್ಲು ಅಂತ. ಅದನ್ನ ನೋಡ್ಬೇಕಿತ್ತು ನಾನು."

ಏಪ್ರಿಲ್ 5, ಶನಿವಾರ

ಕೇಂದ್ರದಿಂದ ಸುದ್ದಿ ಇಲ್ಲ. ಅಕ್ಕ ಹತ್ತಕ್ಕೆ ಎದ್ದಳು. ಸೂಪಿನ ಬಗ್ಗೆ ಏನೂ ಹೇಳಲಿಲ್ಲವಂತೆ. ಚೆನ್ನಾಗಿತ್ತೋ, ಹೇಳುವಷ್ಟು ಚೈತನ್ಯ ಇರಲಿಲ್ಲವೋ ಎಂದು ಭಾವನಿಗೆ ಚಿಂತೆ.

ಏಪ್ರಿಲ್ 9, ಬುಧವಾರ. ಸಂಜೆ

ಸಮಿತಿ ಒಪ್ಪಿದೆ. ಡೆಸ್ಕಿಗೆ ಫೋನು ಮಾಡಿ ಹೇಳಿದ್ದು ಅಕ್ಕ. ಪುಟ ಬಿಡುಗಡೆಯ ಗಡಿಬಿಡಿ. ಚೀಫ್ ಎದುರಿಗೆ ನಿಂತಿದ್ದರು.

"ಪುಟ್ಟಿ, ಟೋಪಿಯಮ್ಮ ಫೋನ್ ಮಾಡಿದ್ರು."

"ಏನಂತೆ?"

"ದವಡೇನ ಕಳೆದ್ರಂತೆ. ಉಳಿದದ್ದು ಸರಿಯಾಗಿ ಸಿಕ್ತಂತೆ. ಆ ದೊಡ್ಡೋರೆಲ್ಲ ಸೇರಿ ಆಗ್ಲಿ ಅಂದ್ರಂತೆ, ಮೊದ್ಲು ಗೊತ್ತು ಮಾಡಿದ್ದ ದಿನಾನೇ, ನಾಳೆ. ಈ ಸಲ ಬಾಯಿ ಸಡಿಲ ಬಿಡೋಕೆ ಅಭ್ಯಾಸ ಮಾಡ್ಕೊಂಡು ಬನ್ನಿ ಅಂದ್ರು. ನನ್ ಕೈಲಾಗೋ ಮಾತಾ ಅದು, ನೀನೇ ಹೇಳು."

"ಭಯ ಆಗ್ತಿದ್ಯಾ?"

"ಆಗ್ತಿದೆ. ಭಯ ಆಗ್ತಿದೆ ಅನ್ನೋದೇ ಒಂಥರಾ... ಎಷ್ಟು ದಿನ ಆಗಿತ್ತು. ಏನೂ ಆಗ್ತಿರ್ಲಿಲ್ಲವಲ್ಲ."

ಚೀಫ್ ಗಡಿಯಾರ ತೋರಿಸಿದರು. ತೋರಿಸಲಿ.

"ಬೆಳಗ್ಗೆ ಒಂಬತ್ತಕ್ಕೆ ಬರ್ತೀನಿ ಅಕ್ಕ. ಟ್ಯಾಕ್ಸಿ ಹೇಳ್ತೀನಿ."

"ನೀನು ಬೇಡ."

"ಯಾಕೆ?"

"ಅವ್ರು ಬರ್ಲಿ. ನಾನೇ ಕೇಳ್ದೆ. ನೀನು ಬರ್ಕೋತಾ ಕೂತಿರ್ತೀಯ. ಅವ್ರಾದ್ರೆ ನನ್ನ ನೋಡ್ತಿರ್ತಾರೆ."

ಬೇಜಾರಾಯಿತು. ಅರ್ಧ ಗಂಟೆ ಇತ್ತು, ಆಮೇಲೆ ಇಳಿಯಿತು. ಭಾವ ರಜೆ ಕೇಳಿದ್ದಾರೆ, ಸಿಕ್ಕಿದೆ. ಸಂಜೆ ಅವರೇ ಫೋನು ಮಾಡಿ, ಗಾಜಿನ ಈಚೆ ಕೂತವರು ಕೈ ಬೀಸಬಹುದಾ ಎಂದು ಕೇಳಿದರು. ಕಣ್ಣಿಗೆ ಪಟ್ಟಿ ಇರುತ್ತೆ ಭಾವ, ಕಾಣಲ್ಲ ಎಂದೆ. ಆದ್ರೂ ಬೀಸಬಹುದಾ ಎಂದರು.

ಪೂರ್ತಿ ಪ್ರಮಾಣದಿಂದ ಏನಾಗುತ್ತದೆ, ಎಷ್ಟು ದಿನ ಉಳಿಯುತ್ತದೆ — ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ನಾಳೆ ನನಗೆ ಬೆಳಗಿನ ಪಾಳಿ, ಪುಟ ಏಳು.

ಎರಡನೇ ಸರದಿ ನಾಳೆ, ಗುರುವಾರ, ಬೆಳಗ್ಗೆ ಹತ್ತಕ್ಕೆ. ಜತೆಗೆ ಭಾವ ಹೋಗುತ್ತಾರೆ.